ಪ್ರಿಂಟ್ ಒತ್ತಿದರೆ ಫೈಲ್ ಸೀದಾ ಸರ್ವರ್‌ಗೆ: ಪುಣೆಯ ಹುಡುಗರ ಕೆಲಸ

ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ನಮ್ಮದು ಸಣ್ಣ ಟ್ಯಾಕ್ಸ್ ಆಫೀಸು. ಹಳೇ ಬಿಲ್ಲಿಂಗ್ ಸಾಫ್ಟ್‌ವೇರ್‌ಗೆ ಗೊತ್ತಿರೋದು ಪ್ರಿಂಟ್ ಮಾಡೋದು ಮಾತ್ರ. ದಿನಾ ಪ್ರಿಂಟ್ ತೆಗೆದು, ಅದನ್ನೇ ಮತ್ತೆ ಸ್ಕ್ಯಾನ್ ಮಾಡಿ ಸರ್ವರ್‌ಗೆ ಹಾಕಿ ಹಾಕಿ ಸಾಕಾಗಿತ್ತು.

ಪ್ರಿಂಟ್ ಒತ್ತಿದರೆ ಫೈಲ್ ಸೀದಾ ಸರ್ವರ್‌ಗೆ ಹೋಗೋ ಹಾಗೆ ಮಾಡಿಕೊಡಿ ಅಂತ ಮೊದಲು ಇಲ್ಲೇ ಒಬ್ಬರಿಗೆ ಕೆಲಸ ಕೊಟ್ಟೆವು. ಅವರು ಬರೆದ ಡ್ರೈವರ್‌ಗೆ (ಕಂಪ್ಯೂಟರ್ ಪ್ರಿಂಟರ್ ಜೊತೆ ಮಾತಾಡಲು ಬೇಕಾದ ಸಾಫ್ಟ್‌ವೇರ್) ಡಿಜಿಟಲ್ ಸಹಿಯೇ ಇರಲಿಲ್ಲ, 64 ಬಿಟ್ ವಿಂಡೋಸ್ ಅದನ್ನು ಹಾಕಿಕೊಳ್ಳಲೇ ಇಲ್ಲ. ಕೊಟ್ಟ ಅಡ್ವಾನ್ಸ್ ಹೋಯಿತು.

ಆಮೇಲೆ ಸಿಕ್ಕಿದ್ದು ಪುಣೆಯ ಇಬ್ಬರು ಹುಡುಗರು, ಒಬ್ಬ ನಮ್ಮ ಧಾರವಾಡದ ಕಡೆಯವನು. "ಸರ್, ಹೊಸ ಡ್ರೈವರ್ ಯಾಕೆ? ಸುಮ್ನೆ ಖರ್ಚು" ಅಂದ. ಹೊರಗಿನ ಕಂಪನಿಗಳ ಪ್ರಿಂಟರ್ ಡ್ರೈವರ್‌ಗಳನ್ನು ವಿಂಡೋಸ್ ಅಪ್‌ಡೇಟ್‌ನಲ್ಲಿ ಕೊಡೋದನ್ನು ಹಂತಹಂತವಾಗಿ ನಿಲ್ಲಿಸುವುದಾಗಿ ಮೈಕ್ರೋಸಾಫ್ಟ್ 2023ರಲ್ಲೇ ಹೇಳಿದೆ, ಅದನ್ನೂ ತಿಳಿಸಿದ. ವಿಂಡೋಸ್ ಜೊತೆಗೇ ಬರುವ, ಪುಟವನ್ನು ಪೋಸ್ಟ್‌ಸ್ಕ್ರಿಪ್ಟ್ ಅನ್ನೋ ಪ್ರಿಂಟರ್ ಭಾಷೆಗೆ ಬದಲಿಸುವ ಡ್ರೈವರ್ ಇಟ್ಟುಕೊಂಡು, ಪ್ರಿಂಟರ್ ವಿಳಾಸದ ಜಾಗದಲ್ಲಿ ನಮ್ಮದೇ ಕಂಪ್ಯೂಟರಿನ ವಿಳಾಸ 127.0.0.1, ಪೋರ್ಟ್ (ಅದರೊಳಗಿನ ಬಾಗಿಲ ನಂಬರ್ ಇದ್ದ ಹಾಗೆ) 9100 ಕೊಟ್ಟ. ಅಲ್ಲಿ ಕೂತ ಪುಟ್ಟ ಪ್ರೋಗ್ರಾಂ ಬಂದದ್ದನ್ನು ಹಿಡಿದು, ಘೋಸ್ಟ್‌ಸ್ಕ್ರಿಪ್ಟ್ ಅನ್ನೋ ಸಾಫ್ಟ್‌ವೇರ್‌ನಿಂದ ಪಿಡಿಎಫ್ ಮಾಡಿ ಸರ್ವರ್‌ಗೆ ಕಳಿಸುತ್ತದೆ. ಎಷ್ಟು ಸರಳ, ಅಲ್ವಾ?

ಕೊರತೆ ಇಲ್ಲ ಅಂತಲ್ಲ. ಮೊದಲ ವಾರ ಮಳೆಗೆ ನೆಟ್ ಹೋದಾಗ ನಾಲ್ಕು ಬಿಲ್ ಕಳೆದೇ ಹೋದವು. ಫೋನ್ ಮಾಡಿದ ದಿನವೇ ಸರಿಮಾಡಿದರು, ಈಗ ನೆಟ್ ಬರೋವರೆಗೂ ಫೈಲು ಡಿಸ್ಕಿನಲ್ಲೇ ಕಾಯುತ್ತದೆ. ಕನ್ನಡ, ಮರಾಠಿ ಹೆಸರುಗಳು ಪಿಡಿಎಫ್‌ನಲ್ಲಿ ಚೆನ್ನಾಗಿ ಕಾಣುತ್ತವೆ, ಆದರೆ ಹುಡುಕಿದರೆ ಸಿಗಲ್ಲ. ಅದಕ್ಕೆ ಬಿಲ್ ನಂಬರನ್ನೇ ಫೈಲಿನ ಹೆಸರಾಗಿ ಇಡಿಸಿಕೊಂಡೆವು. ಸ್ಕ್ಯಾನರ್ ಈಗ ಕಪಾಟಿನ ಮೇಲಿದೆ.