ಹೊಸ ಲ್ಯಾಪ್‌ಟಾಪ್ ಯಾರ ಅಕೌಂಟಲ್ಲಿ ಸೆಟಪ್ ಆಗಿದೆ ಅಂತ ಇವತ್ತೇ ನೋಡ್ಕೊಳ್ಳಿ

ಸಂಘ, ಸ್ಕೂಲು, ಟ್ರಸ್ಟು, ಇಂಥ ಕಡೆ ಕಂಪ್ಯೂಟರ್ ನೋಡ್ಕೊಳ್ಳೋರು ದಯವಿಟ್ಟು ಪೂರ್ತಿ ಓದಿ. ನಮ್ಮದು ತಾಲ್ಲೂಕು ಕೇಂದ್ರದಲ್ಲಿರೋ ಸಣ್ಣ ಪತ್ತಿನ ಸಹಕಾರ ಸಂಘ, ಒಟ್ಟು ಏಳು ಮೆಷಿನ್, ಲೆಕ್ಕ ಬರೆಯೋದ್ರ ಜೊತೆ ಅವುಗಳ ಉಸ್ತುವಾರಿನೂ ನಂದೇ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10 ಸಪೋರ್ಟ್ ನಿಲ್ಲುತ್ತೆ ಅಂತ ಹಳೇದೆಲ್ಲಾ ತೆಗೆದು ವಿಂಡೋಸ್ 11 ಲ್ಯಾಪ್‌ಟಾಪ್ ತಗೊಂಡ್ವಿ. ಅಂಗಡಿ ಹುಡುಗ ಬಂದು ಒಂದೇ ಮಧ್ಯಾಹ್ನದಲ್ಲಿ ಲೆಕ್ಕ ಬರೆಯೋ ಟ್ಯಾಲಿ ಹಾಕಿ, ಕನ್ನಡ ಟೈಪಿಂಗ್‌ಗೆ ನುಡಿ ಹಾಕಿ, ಪ್ರಿಂಟರ್ ಕೂರಿಸಿ ಹೋದ. ಶುರುವಲ್ಲಿ ಮೈಕ್ರೋಸಾಫ್ಟ್ ಅಕೌಂಟ್ ಕೇಳುತ್ತಲ್ಲ, ಅಲ್ಲಿ ಬೇಗ ಮುಗೀಲಿ ಅಂತ ತನ್ನದೇ ಯಾವುದೋ ಮೇಲ್ ಐಡಿ ಹಾಕಿ, ಆಮೇಲೆ ನಮಗೊಂದು ಲೋಕಲ್ ಯೂಸರ್ (ಆ ಮೆಷಿನ್ನಿಗೆ ಮಾತ್ರ ಸೇರಿದ ಲಾಗಿನ್) ಮಾಡ್ಕೊಟ್ಟು ತನ್ನದನ್ನ ತೆಗೆದ. ನಾನು ಪಕ್ಕದಲ್ಲೇ ಕೂತಿದ್ದೆ, ಏನೂ ಕೇಳ್ಲಿಲ್ಲ.

ಮುಂದಿನ ಮೇ ಕೊನೇಲಿ ಗುಡುಗು ಮಳೆ ಬಂದು ಕರೆಂಟ್ ಹೊಡೆತಕ್ಕೆ ಅಕೌಂಟ್ಸ್ ಲ್ಯಾಪ್‌ಟಾಪ್ ಸತ್ತೋಯ್ತು. ವಾರಂಟಿಲಿ ಮದರ್‌ಬೋರ್ಡ್ ಬದಲಾಯಿಸಿ ಕೊಟ್ರು, ಡಿಸ್ಕ್ ಚೆನ್ನಾಗೇ ಇದೆ ಅಂದ್ರು, ನಮಗೂ ಸಮಾಧಾನ ಆಯ್ತು. ಆನ್ ಮಾಡಿದ್ರೆ ನೀಲಿ ಸ್ಕ್ರೀನು, ಬಿಟ್‌ಲಾಕರ್ ರಿಕವರಿ ಕೀ ಹಾಕಿ ಅಂತ, 48 ಅಂಕಿ. ಬಿಟ್‌ಲಾಕರ್ ಅಂದ್ರೆ ಡಿಸ್ಕಿಗೆ ವಿಂಡೋಸ್ ಹಾಕೋ ಬೀಗ. ನಾವ್ಯಾರೂ ಅದನ್ನ ಆನ್ ಮಾಡಿರ್ಲಿಲ್ಲ. ಆಮೇಲೆ ಗೊತ್ತಾಗಿದ್ದು, ಈಗಿನ ಲ್ಯಾಪ್‌ಟಾಪಲ್ಲಿ ಮೈಕ್ರೋಸಾಫ್ಟ್ ಅಕೌಂಟಿಂದ ಸೆಟಪ್ ಮಾಡಿದ್ರೆ ಡಿವೈಸ್ ಎನ್‌ಕ್ರಿಪ್ಶನ್, ಅಂದ್ರೆ ಇದೇ ಬೀಗ, ತಾನಾಗೇ ಆನ್ ಆಗುತ್ತೆ, ಕೀ ಆ ಅಕೌಂಟಿಗೆ ಹೋಗಿ ಕೂರುತ್ತೆ. ದಿನಾ ಆನ್ ಮಾಡುವಾಗ ತಾನೇ ಬೀಗ ತೆಗೆಯೋ ಟಿಪಿಎಂ ಅನ್ನೋ ಚಿಪ್ ಹಳೇ ಬೋರ್ಡ್ ಜೊತೆಗೇ ಹೋಯ್ತು. ಹುಡುಗ ಆ ಅಂಗಡಿ ಬಿಟ್ಟು ಬೇರೆ ಊರು ಸೇರಿದ್ದ, ಹುಡುಕಿ ಫೋನ್ ಮಾಡಿದ್ರೆ ಯಾವ ಐಡಿ ಹಾಕಿದ್ದೆ ನೆನಪಿಲ್ಲ ಸಾರ್ ಅಂದ. ಕೀ ಕಳೆದ್ರೆ ಮೈಕ್ರೋಸಾಫ್ಟ್‌ನೋರೂ ಹೊಸದಾಗಿ ಮಾಡ್ಕೊಡೋಕಾಗಲ್ಲ.

ಬ್ಯಾಕಪ್ ಇರ್ಲಿಲ್ವಾ ಅಂತ ಕೇಳ್ತೀರಿ. ಇತ್ತು, ದಿನಾ ಸಂಜೆ ಟ್ಯಾಲಿ ಬ್ಯಾಕಪ್ ಡಿ ಡ್ರೈವಿಗೆ ಹೋಗ್ತಿತ್ತು. ಡಿ ಅಂದ್ರೂ ಅದೇ ಡಿಸ್ಕಿನ ಇನ್ನೊಂದು ಭಾಗ, ಅದಕ್ಕೂ ಅದೇ ಬೀಗ. ಪೆನ್‌ಡ್ರೈವಲ್ಲಿ ಸಿಕ್ಕಿದ್ದು ಮಾರ್ಚ್ 31ರ ವರ್ಷಾಂತ್ಯದ್ದು ಮಾತ್ರ. ಎರಡು ತಿಂಗಳ ವೋಚರ್ ಕಟ್ಟು ಬಿಚ್ಚಿ, ಮಾಸಿದ ಕಾರ್ಬನ್ ಪ್ರತಿನ ಕಿಟಕಿ ಬೆಳಕಿಗೆ ಹಿಡಿದು ಓದಿ, ಇಬ್ಬರು ಹದಿನೆಂಟು ದಿನ ಮತ್ತೆ ಎಂಟ್ರಿ ಮಾಡಿದ್ವಿ. ಆ ಮಧ್ಯೆ ಒಬ್ಬ ಅಜ್ಜಿ ಏಪ್ರಿಲಲ್ಲಿ ಇಟ್ಟ ಠೇವಣಿ ಬಾಂಡ್ ಸೆರಗಲ್ಲಿ ಸುತ್ಕೊಂಡು ಬಂದು "ನನ್ ದುಡ್ಡು ಐತಲ್ಲಪ್ಪ?" ಅಂದ್ರು. ದುಡ್ಡು ಎಲ್ಲೂ ಹೋಗಿರ್ಲಿಲ್ಲ, ಆದ್ರೆ ಅವರಿಗೆ ತೋರ್ಸೋಕೆ ಸ್ಕ್ರೀನ್ ಮೇಲೆ ಏನೂ ಇರ್ಲಿಲ್ಲ, ಅವರ ಮುಖ ನೋಡೋಕಾಗ್ಲಿಲ್ಲ ನಂಗೆ.

ಉಳಿದ ಆರು ಮೆಷಿನ್ ಚೆಕ್ ಮಾಡಿದ್ರೆ ಐದರಲ್ಲಿ ಎನ್‌ಕ್ರಿಪ್ಶನ್ ಆನ್ ಇತ್ತು. ಮೆಷಿನ್ ಓಡ್ತಿರುವಾಗ ಅಡ್ಮಿನ್ ಲಾಗಿನ್ನಲ್ಲಿ ಕಂಟ್ರೋಲ್ ಪ್ಯಾನೆಲ್‌ಗೆ ಹೋದ್ರೆ ಕೀ ಪ್ರಿಂಟ್ ತೆಗೀಬಹುದು, ಎರಡು ನಿಮಿಷದ ಕೆಲಸ, ನಿಂತ ಮೇಲೆ ಆಗಲ್ಲ. ಈಗ ಎಲ್ಲದರ ಕೀನೂ ಒಡವೆ ಇಡೋ ತಿಜೋರಿಲಿದೆ, ಲ್ಯಾಪ್‌ಟಾಪ್‌ಗಳೆಲ್ಲಾ ಸಂಘದ ಹೆಸರಿನ ಅಕೌಂಟಲ್ಲಿವೆ. ಎರಡು ಹಾರ್ಡ್‌ಡಿಸ್ಕ್ ತಗೊಂಡು ಒಂದನ್ನ ಕಾರ್ಯದರ್ಶಿ ಮನೇಲಿಟ್ಟು ವಾರಕ್ಕೊಮ್ಮೆ ಅದಲು ಬದಲು ಮಾಡ್ತೀವಿ, ಕಾಪಿ ಆದ ತಕ್ಷಣ ಕೇಬಲ್ ಕಿತ್ತಿಡ್ತೀವಿ, ವೈರಸ್ ಬಂದ್ರೆ ಸಿಕ್ಕಿಸಿಟ್ಟ ಡಿಸ್ಕೂ ಹೋಗುತ್ತೆ. ಮೊದಲ ಸಲ ಬೇರೆ ಮೆಷಿನ್ನಲ್ಲಿ ರಿಸ್ಟೋರ್ ಮಾಡಿ ನೋಡಿದಾಗ ಟ್ಯಾಲಿಲಿ ಹಳೇ ವರ್ಷದ ಕಂಪನಿ (ಟ್ಯಾಲಿಲಿ ಲೆಕ್ಕದ ಕಡತಕ್ಕೆ ಹಾಗಂತಾರೆ) ಮಾತ್ರ ಬಂತು, ಹೊಸ ವರ್ಷದ್ದನ್ನ ಬ್ಯಾಕಪ್ ಲಿಸ್ಟಿಗೇ ಸೇರಿಸಿರ್ಲಿಲ್ಲ. ನಿಮ್ಮದರಲ್ಲಿ ಅದನ್ನೂ ಒಮ್ಮೆ ನೋಡಿ.