ಮಧ್ಯ ಏಷ್ಯಾ, ಕಾಕಸಸ್: ಖಾಲಿ ನಕ್ಷೆಯೋ, ಚೀಟಿಯೋ?

ಮಧ್ಯ ಏಷ್ಯಾದ ಐದು ದೇಶಗಳ ಹೆಸರೂ ‘ಸ್ತಾನ್’ ಎಂದೇ ಮುಗಿಯುವುದರಿಂದ ಬಾಯಿಪಾಠ ಬೇಗ ಕಲಸಿಹೋಗುತ್ತದೆ. ದೇಶ, ರಾಜಧಾನಿಗಳನ್ನು ನೆನಪಿಡಲು ಇಲ್ಲಿ ಖಾಲಿ ನಕ್ಷೆಯೇ (ಹೆಸರಿಲ್ಲದೆ ಗಡಿಗಳಷ್ಟೇ ಇರುವುದು) ಮೇಲು. ಉಜ್ಬೇಕಿಸ್ತಾನದಿಂದ ಶುರುಮಾಡಿ, ಉಳಿದ ನಾಲ್ಕಕ್ಕೂ ಅದರ ಗಡಿ ತಾಗುತ್ತದೆ. ಅದರ ರಾಜಧಾನಿ ತಾಷ್ಕೆಂಟ್ ನಮಗೆ ಹೊಸದಲ್ಲ, 1966ರಲ್ಲಿ ಲಾಲ್ ಬಹಾದುರ್ ಶಾಸ್ತ್ರಿಯವರು ತೀರಿಕೊಂಡ ಊರು. ಮೇಲೆ ಕಜಕಿಸ್ತಾನ (ಅಸ್ತಾನಾ), ನೈಋತ್ಯಕ್ಕೆ ತುರ್ಕಮೆನಿಸ್ತಾನ (ಅಶ್ಗಾಬಾತ್), ಪೂರ್ವಕ್ಕೆ ಕಿರ್ಗಿಸ್ತಾನ (ಬಿಷ್ಕೆಕ್), ಅದರ ಕೆಳಗೆ ತಜಕಿಸ್ತಾನ (ದುಶಾನ್‌ಬೆ). ನೋಡದೆ ಬರೆಯಿರಿ, ತಪ್ಪಿದ್ದನ್ನು ಮಾತ್ರ ಮರುದಿನ ಮತ್ತೆ ಬರೆಯಿರಿ. ತೊಡಕೆಂದರೆ, ಮೇಜು, ಪೆನ್ಸಿಲು, ಸಮಯ ಬೇಕು.

ಒಂದು ಬದಿ ದೇಶ, ಇನ್ನೊಂದು ಬದಿ ರಾಜಧಾನಿ ಇರುವ ಚೀಟಿಯನ್ನು (ಫ್ಲಾಶ್‌ಕಾರ್ಡ್) ಬಸ್ಸಿನಲ್ಲೂ ತಿರುವಿಹಾಕಬಹುದು. ಆದರೆ ದೇಶ ನೋಡಿ ರಾಜಧಾನಿ ಹೇಳುವುದಷ್ಟೇ ರೂಢಿಯಾದರೆ, ಪ್ರಶ್ನೆ ತಿರುಗಿಸಿ ಕೇಳಿದಾಗ ನಾಲಿಗೆ ತಡವರಿಸುತ್ತದೆ. ಎರಡೂ ಬದಿಯಿಂದ ಕೇಳಿಕೊಳ್ಳಿ. ಬಿಷ್ಕೆಕ್, ದುಶಾನ್‌ಬೆ ಅದಲುಬದಲಾಗುತ್ತಿದ್ದರೆ ಚೀಟಿಯ ಮೂಲೆಯಲ್ಲಿ ‘ಸೋಮವಾರ’ ಎಂದು ಗೀಚಿ. ದುಶಾನ್‌ಬೆಯ ಅರ್ಥವೇ ಅದು. 2019–22ರ ನಡುವೆ ಅಚ್ಚಾದ ಚೀಟಿಗಳಲ್ಲಿ ಅಸ್ತಾನಾ ಬದಲು ನೂರ್‌ಸುಲ್ತಾನ್ ಎಂದಿರಬಹುದು, ತಿದ್ದಿಕೊಳ್ಳಿ.

ಕಪ್ಪು ಸಮುದ್ರ, ಕ್ಯಾಸ್ಪಿಯನ್ ಸಮುದ್ರಗಳ ನಡುವಿನ ಕಾಕಸಸ್‌ನ ಮೂರು ದೇಶಗಳ (ಜಾರ್ಜಿಯಾ–ಟಿಬಿಲಿಸಿ, ಅರ್ಮೇನಿಯಾ–ಯೆರೆವಾನ್, ಅಜರ್‌ಬೈಜಾನ್–ಬಾಕು) ಹೆಸರು ಹೀಗೆ ಕಲಸಿಹೋಗುವುದಿಲ್ಲ, ಅವಕ್ಕೆ ಚೀಟಿಯೇ ಸಾಕು.