ಮೊದಲು ಗುಂಡೋ, ಎಚ್ಚರಿಕೆಯೋ?

ಆತ್ಮಾಹುತಿ ಬಾಂಬರ್ ಎಂಬ ಅನುಮಾನ ಬಂದರೆ ಪೊಲೀಸರು ನೇರ ತಲೆಗೆ ಗುಂಡು ಹೊಡೆಯಬೇಕಾ, ಮೊದಲು ಎಚ್ಚರಿಸಬೇಕಾ?

ಗುಂಡಿನ ಪರ ವಾದ ಗಟ್ಟಿಯೇ. ಎದೆಗೆ ಹೊಡೆದರೆ ಮೈಗೆ ಕಟ್ಟಿದ ಬಾಂಬ್ ಸಿಡಿಯಬಹುದು. ಕೂಗಿ ಎಚ್ಚರಿಸಿದರೆ ಗುಂಡಿ ಒತ್ತಲು ಸಮಯ ಸಿಗುತ್ತದೆ. ಆದರೆ ಗುರುತೇ ತಪ್ಪಿದರೆ? 2005ರ ಜುಲೈ 22ರಂದು ಲಂಡನ್‌ನ ಸ್ಟಾಕ್‌ವೆಲ್ ಮೆಟ್ರೊ ನಿಲ್ದಾಣದಲ್ಲಿ ಆದದ್ದು ಅದೇ. ಹಿಂದಿನ ದಿನದ ವಿಫಲ ಬಾಂಬ್ ದಾಳಿಯ ಶಂಕಿತನೆಂದು ತಿಳಿದು, 27 ವರ್ಷದ ಬ್ರೆಜಿಲ್ ಎಲೆಕ್ಟ್ರಿಷಿಯನ್‌ನ ತಲೆಗೆ 7 ಗುಂಡು ಹೊಡೆದರು. ಬಾಂಬ್ ಇರಲೇ ಇಲ್ಲ. 2007ರಲ್ಲಿ ಪೊಲೀಸ್ ಇಲಾಖೆಗೆ ದಂಡ ಬಿತ್ತು, ಅದೂ ಕೆಲಸದ ಸ್ಥಳಗಳಿಗೆಂದು ಇರುವ ಆರೋಗ್ಯ ಮತ್ತು ಸುರಕ್ಷತೆ ಕಾಯ್ದೆಯಡಿ! ಯಾವ ಅಧಿಕಾರಿಯ ಮೇಲೂ ಕೊಲೆ ಕೇಸ್ ನಡೆಯಲಿಲ್ಲ.

ಎಚ್ಚರಿಕೆ ಮೊದಲು ಎಂದರೆ ಅಮಾಯಕ ಉಳಿಯುತ್ತಾನೆ. ಬಾಂಬ್ ನಿಜವಿದ್ದರೆ ಮಾತ್ರ ಅಪಾಯ ಜಾಸ್ತಿ.

ನನ್ನ ಒಲವು ಎಚ್ಚರಿಕೆಯ ಕಡೆಗೆ. ಅಂದು ಆತ ಮನೆಯಿಂದ ಹೊರಟು, ಬಸ್ ಹತ್ತಿ, ನಿಲ್ದಾಣ ತಲುಪುವವರೆಗೂ ಪೊಲೀಸರು ಹಿಂದೆಯೇ ಇದ್ದರು. ದಾರಿಯಲ್ಲೇ ತಡೆಯಬಹುದಿತ್ತು, ಅಲ್ವಾ?